ದಂಡದ ನೀರು

ನಮ್ಮ ಅತ್ತೆಯವರ ಬಾಯಲ್ಲಿ ಸುಳ್ಳು ಬಾರದು ಎಂದು ಊರಲ್ಲಿ ಹೆಸರಿತ್ತು. ಆ ಹೆಸರು ಕೆಡಿಸುವ ಆಸೆ ನನಗಿಲ್ಲ. ಆದರೆ ಊರಿಗೆ ಗೊತ್ತಿಲ್ಲದ್ದು ಸೊಸೆಗೆ ಗೊತ್ತಿರುತ್ತದೆ. ಅವರು ಒಂದೇ ಒಂದು ಸುಳ್ಳನ್ನು ವರ್ಷಗಟ್ಟಲೆ, ಹೆಚ್ಚುಕಡಿಮೆ ದಿನಾ ಸಂಜೆ, ಅಂಗಳದ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದರು. “ದಂಡಕ್ಕೆ ಹೋಗೋ ನೀರು ಮಾರಾಯ್ತಿ, ಮಿಂದು ಹೋಗು.” ಅದು ಸುಳ್ಳೆಂದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಗೊತ್ತಿದ್ದೇ ಎಲ್ಲರೂ ನೆಮ್ಮದಿಯಾಗಿದ್ದೆವು. ಹೊರಗಿನಿಂದ ಬಂದವರು ಅದನ್ನು ನಿಜವೆಂದು ನಂಬಿ ಬರೆದುಕೊಂಡರು. ಅಲ್ಲಿಂದ ಕೆಟ್ಟಿತು.

ನಾನು ಚಿಕ್ಕಮಗಳೂರು ಪೇಟೆಯವಳು. ಅಪ್ಪನದು ಬಟ್ಟೆ ಅಂಗಡಿ. ಬಿಎಸ್ಸಿ ಮುಗಿಸಿ, ಅದರ ಜಂಬ ಇಳಿಯುವ ಮೊದಲೇ ಮದುವೆಯಾಗಿ ಕಳಸದ ಆಚೆಯ ಈ ಸಣ್ಣ ಕಾಫಿ ತೋಟಕ್ಕೆ ಬಂದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕರೆಂಟಿನ ಕಂಬ ನಮ್ಮಿಂದ ಎರಡು ಗುಡ್ಡ ಆಚೆಗೇ ನಿಂತುಬಿಟ್ಟಿತ್ತು. ಸಂಜೆಯಾದರೆ ಸೀಮೆಎಣ್ಣೆ ಬುಡ್ಡಿ, ಬೆಳಗಾದರೆ ಮೂಗಿನ ತುಂಬ ಮಸಿ. ನಾನು ಗೊಣಗಿದ್ದು ಕಮ್ಮಿಯಲ್ಲ. ಆ ಗೊಣಗಾಟ ತಡೆಯಲಾರದೆಯೋ ಏನೋ, ನಮ್ಮ ಯಜಮಾನರು ಕುದುರೆಮುಖದ ಕಡೆ ಯಾರದೋ ಎಸ್ಟೇಟಿನಲ್ಲಿ ನೋಡಿಕೊಂಡು ಬಂದು, ಮನೆಯ ಹಿಂದಿನ ಹಳ್ಳಕ್ಕೆ ಒಂದು ಟರ್ಬೈನ್ ಹಾಕಿಸಿದರು.

ಯಂತ್ರ ದೊಡ್ಡದೇನಲ್ಲ, ಒಂದು ಹಾಲಿನ ಕ್ಯಾನಿನಷ್ಟು. ಹಳ್ಳಕ್ಕೆ ಮೇಲುಗಡೆ ಸಣ್ಣ ಅಡ್ಡಕಟ್ಟೆ ಕಟ್ಟಿ, ಅಲ್ಲಿಂದ ಪೈಪಿನಲ್ಲಿ ನೀರು ಇಳಿಸಿ, ಆ ರಭಸಕ್ಕೆ ಚಕ್ರ ತಿರುಗಿಸುವುದು. ಕೆಲಸ ಮುಗಿಸಿದ ನೀರು ಎಂದಿನ ಹಾಗೆ ಕೆಳಗಿನ ಗದ್ದೆಗೆ ಹೋಗುತ್ತಿತ್ತು. ಘಟ್ಟದ ಕೆಳಗಿನಿಂದ ಬಂದಿದ್ದ ಮೆಕ್ಯಾನಿಕ್ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಪಾಠ ಮಾಡಿದ. “ಹಳ್ಳ ಹಗಲೂ ರಾತ್ರಿ ಒಂದೇ ಸಮ ಕರೆಂಟು ಕೊಡ್ತದೆ. ನೀವು ದೀಪ ಆರಿಸಿದ್ರಿ ಅಂತ ಅದು ನಿಲ್ಲೂದಿಲ್ಲ. ನೀವು ತಗೊಳ್ಳದ್ದು ಎಲ್ಲಿಗಾದ್ರೂ ಹೋಗ್ಲೇಬೇಕು. ಇಲ್ಲದಿದ್ರೆ ಯಂತ್ರ ಹುಚ್ಚು ಹಿಡಿದ ಹಾಗೆ ಓಡಿ ಬಲ್ಬೆಲ್ಲ ಸುಟ್ಟು ಹೋಗ್ತದೆ.” ಅದಕ್ಕಾಗಿ ಅವನು ಗೋಡೆಗೆ ಒಂದು ಪೆಟ್ಟಿಗೆ ಕೂರಿಸಿದ. ಮನೆಗೆ ಬೇಡವಾದ ಕರೆಂಟನ್ನು ಆ ಪೆಟ್ಟಿಗೆ ತಾನಾಗಿಯೇ ಒಂದು ನೀರು ಕಾಯಿಸುವ ಕಾಯಿಲ್‌ಗೆ ಕಳಿಸುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ‘ದಂಡದ ಲೋಡು’. ಅವನು ಯಂತ್ರ ಹಾಕಿದ ಮನೆಗಳಲ್ಲೆಲ್ಲ ಆ ಹೆಸರೇ ನಿಂತಿತು.

ಕರೆಂಟಿನ ತಂತಿಯನ್ನು ಒಳಬಚ್ಚಲಿಗೆ ಬಿಡಲು ಅತ್ತೆ ಒಪ್ಪಲಿಲ್ಲ. ಆದ್ದರಿಂದ ಅಂಗಳದ ಅಂಚಿನಲ್ಲಿದ್ದ ಹೊರಬಚ್ಚಲಿನಲ್ಲಿ ಒಂದು ದೊಡ್ಡ ಡ್ರಮ್ಮು ಇಟ್ಟು, ಅದಕ್ಕೆ ಕಾಯಿಲ್ ಇಳಿಸಿ, ಬುಡಕ್ಕೆ ನಲ್ಲಿ ಹಾಕಿದರು. ಹಗಲು ಮನೆಗೆ ದೀಪ ಬೇಡವಲ್ಲ. ಇಡೀ ಹಳ್ಳದ ಶಕ್ತಿಯೆಲ್ಲ ಆ ಡ್ರಮ್ಮಿಗೆ. ಸಂಜೆಯ ಹೊತ್ತಿಗೆ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ನಾವು ಮನೆಯಲ್ಲಿ ಇದ್ದದ್ದೇ ಕೆಲವೇ ಜನ. ಎಷ್ಟು ಸಲ ಸ್ನಾನ ಮಾಡಿಯೇವು? ಒಮ್ಮೆ ನಮ್ಮಪ್ಪ ಬಂದು ಉಳಿದಿದ್ದಾಗ, ಅಂಗಡಿಯವರ ಅಭ್ಯಾಸ, ಕೋಣೆ ಕೋಣೆಗೆ ಹೋಗಿ ದೀಪ ಆರಿಸುತ್ತಾ ಬಂದರು. ಆರಿಸಿದರೆ ಉಳಿಯುವುದಿಲ್ಲ, ಬಚ್ಚಲಿಗೆ ಹೋಗುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಪಚನವಾಗಲಿಲ್ಲ. ಉಳಿಸಲು ಬಾರದ ವಸ್ತುವೊಂದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಆ ನೀರಿಗೆ ಜನ ಸಿಕ್ಕಿದ್ದು ಕಾಫಿ ಕೊಯ್ಲಿನ ಕಾಲದಲ್ಲಿ. ಪಕ್ಕದ ದೊಡ್ಡ ಎಸ್ಟೇಟಿನ ಕೂಲಿಯವರು ಸಾಲಾಗಿ ಇದ್ದ ಲೈನು ಮನೆಗಳು ನಮ್ಮ ಗೇಟಿನಿಂದ ಕಾಣುವಷ್ಟು ದೂರ. ಅಲ್ಲಿನ ಹೆಂಗಸರು ನಮ್ಮಲ್ಲಿಗೂ ಹಣ್ಣು ಕೊಯ್ಯಲು ಬರುತ್ತಿದ್ದರು. ಬೆಳಗಿನಿಂದ ಇಬ್ಬನಿಯಲ್ಲಿ ನೆನೆದು, ಗಿಡದ ಸಂದಿಯಲ್ಲಿ ಇರುವೆ ಕಚ್ಚಿಸಿಕೊಂಡು, ಸಂಜೆ ಚಳಿಗೆ ಮುದುಡಿಕೊಂಡು ಹೋಗುವುದನ್ನು ನೋಡಿ ಒಂದು ದಿನ ಅತ್ತೆ ಮೆಟ್ಟಿಲ ಮೇಲೆ ನಿಂತು ಮೊದಲ ಸಲ ಆ ಮಾತು ಹೇಳಿದರು. ಜಾತಿಯ ಎಣಿಕೆ ನಮ್ಮ ಮನೆಯಲ್ಲಿರಲಿಲ್ಲ ಎಂದರೆ ನಾನು ಸುಳ್ಳಿ. ಅಡುಗೆಮನೆಯ ಹೊಸ್ತಿಲು ದಾಟದವರು ಹೊರಬಚ್ಚಲಿಗೆ ಬಂದರು, ಅಷ್ಟೇ. ಆದರೂ ಅದು ಆ ಕಾಲಕ್ಕೆ ನಮ್ಮ ಕಡೆ ಸಣ್ಣ ಮಾತಾಗಿರಲಿಲ್ಲ. ಅಕ್ಕಪಕ್ಕದ ತೋಟದವರು ಹುಬ್ಬೇರಿಸಿದಾಗಲೂ ಅತ್ತೆಯ ಉತ್ತರ ಅದೇ: “ದಂಡಕ್ಕೆ ಹೋಗೂದಲ್ವಾ, ಯಾರು ಮಿಂದ್ರೆ ಎಂತ?” ಆ ಒಂದು ಶಬ್ದ ಎಲ್ಲರ ಬಾಯಿ ಮುಚ್ಚಿಸುತ್ತಿತ್ತು.

ಹಾಗೆ ಬಂದವರಲ್ಲಿ ಬಾಣಂತಿಯರಿಗೆ ನೀರು ಹಾಕುವ ಅಜ್ಜಿಯೂ ಒಬ್ಬಳು. ಅಜ್ಜಿ ಎಂದರೂ ಮುದುಕಿಯಲ್ಲ. ಆ ಕೆಲಸ ಮಾಡುವವಳನ್ನು ಹಾಗೆ ಕರೆಯುವುದು ರೂಢಿ. ಗಂಡ ಸತ್ತ ಮೇಲೆ ಘಟ್ಟದ ಕೆಳಗಿನಿಂದ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಬಂದವಳು. ಕುಳ್ಳಿ, ಗಂಟಲು ಮಾತ್ರ ಇಡೀ ತೋಟಕ್ಕೆ ಕೇಳುವಷ್ಟು. ಹಗಲು ಎಸ್ಟೇಟಿನಲ್ಲಿ ಕೆಲಸ, ಅದು ಬಿಟ್ಟ ಮೇಲೆ ಸುತ್ತಿನ ಯಾವ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಯ ಸ್ನಾನ ಅವಳದೇ. ಬಾಣಂತಿ ಸ್ನಾನಕ್ಕೆ ಒಂದು ಚೊಂಬು ಎರಡು ಚೊಂಬು ನೀರು ಸಾಲದು, ಹಂಡೆಗಟ್ಟಲೆ ಬೇಕು, ಅದೂ ಸುಡುಸುಡು. ತೋಟದ ಮನೆಗಳಲ್ಲಿ ಅದಕ್ಕೆ ಸೌದೆಯಿತ್ತು. ಲೈನಿನ ಹೆಂಗಸರಿಗೆ ಮೂರು ಕಲ್ಲಿನ ಒಲೆ, ಹಸಿ ಪುರಳೆ, ಒಂದು ಪಾತ್ರೆ. ದೊಡ್ಡ ಮನೆಯ ಸೊಸೆಯಂದಿರಿಗೆ ಹಂಡೆ ತುಂಬ ಹಾಕಿ ಬಂದ ಕೈಯಲ್ಲೇ ತನ್ನ ಲೈನಿನ ಹುಡುಗಿಯರಿಗೆ ಉಗುರುಬೆಚ್ಚನೆಯ ನೀರು ಚಿಮುಕಿಸಬೇಕಲ್ಲ ಎಂದು ಅವಳಿಗೆ ಸಂಕಟವಿತ್ತು. ಅದನ್ನು ಅವಳು ಸಂಕಟದ ದನಿಯಲ್ಲಿ ಹೇಳಿದ್ದಲ್ಲ, ಜಗಳದ ದನಿಯಲ್ಲಿ ಹೇಳಿದ್ದು. ಬೇರೆ ದನಿ ಅವಳಲ್ಲಿರಲಿಲ್ಲ.

ಹೊರಬಚ್ಚಲಿನ ನಲ್ಲಿ ನೋಡಿದ ಮೇಲೆ ಅವಳು ಲೈನಿನ ಬಾಣಂತಿಯರನ್ನು ಒಬ್ಬೊಬ್ಬರಾಗಿ ಕರೆತರಲು ಶುರುಮಾಡಿದಳು. ಆದರೆ ಸುಮ್ಮನೆ ಬರುವವಳಲ್ಲ. ಯಾರ ಹತ್ತಿರವೂ ಏನನ್ನೂ ಪುಕ್ಕಟೆ ತೆಗೆದುಕೊಳ್ಳದ ಹಟ ಅವಳದು. ಹಬ್ಬಕ್ಕೆ ನಾವು ಸೀರೆ ಕೊಟ್ಟರೆ ಮರುದಿನ ಸೋರೆಕಾಯಿ ತಂದು ಜಗಲಿಯ ಮೇಲೆ ಕುಕ್ಕುತ್ತಿದ್ದಳು. ಪ್ರತಿ ಸಲ ಬಚ್ಚಲ ಬಾಗಿಲಲ್ಲಿ ನಿಂತು ಕೇಳುವಳು, “ಅಮ್ಮಾ, ಇವತ್ತೂ ದಂಡಕ್ಕೆ ಹೋಗ್ತಾ ಉಂಟಾ?” ಅತ್ತೆ ಒಳಗಿಂದಲೇ, “ಹೋಗ್ತಾ ಉಂಟು ಮಾರಾಯ್ತಿ, ಎಂತ ಮಾಡೂದು, ಬೇಗ ಕರ್ಕೊಂಡು ಬಾ.” ಕೊಟ್ಟದ್ದನ್ನು ತೆಗೆದುಕೊಂಡರೆ ಅವಳು ತಲೆ ಬಗ್ಗಿಸಬೇಕಾಗುತ್ತಿತ್ತು. ಚೆಲ್ಲುವುದನ್ನು ತೆಗೆದುಕೊಂಡರೆ ಉಪಕಾರ ಮಾಡಿದವಳು ಅವಳೇ. ಹೀಗೆ ಇಬ್ಬರು ಹೆಂಗಸರು ಒಂದು ಶಬ್ದವನ್ನು ನಡುವೆ ಇಟ್ಟುಕೊಂಡು ಮರ್ಯಾದೆಯಿಂದ ಬದುಕಿದರು.

ನನ್ನ ಎರಡನೇ ಹೆರಿಗೆಯ ಹೊತ್ತಿಗೆ ಅಮ್ಮನಿಗೆ ಹುಷಾರಿರಲಿಲ್ಲ. ತವರಿಗೆ ಹೋಗದೆ ಇಲ್ಲೇ ಉಳಿದೆ. ಆ ಅಜ್ಜಿಯ ಕೈಗೆ ಸಿಕ್ಕಿದೆ. ಎಣ್ಣೆ ಹಚ್ಚಿ, ಸೊಂಟ ತಿಕ್ಕಿ, ಯಾವುದೋ ಸೊಪ್ಪು ಹಾಕಿದ ನೀರನ್ನು ಬೆನ್ನಿಗೆ ರಪ್ಪನೆ ಹೊಡೆಯುವಳು. ಇಷ್ಟು ಬಿಸಿ ನೀರು ಚರ್ಮಕ್ಕೆ ಒಳ್ಳೆಯದಲ್ಲ ಎಂದು ನಾನು ವಿಜ್ಞಾನ ಹೇಳಲು ಹೋದರೆ, “ಕಣ್ಣು ಮುಚ್ಚು. ಬಾಯೂ ಮುಚ್ಚು. ಬಿಎಸ್ಸಿ ಆಮೇಲೆ ಮಾಡುವ” ಎನ್ನುವಳು. ನನಗೆ ಸಿಟ್ಟು ಬರುತ್ತಿತ್ತು. ಸ್ನಾನ ಮುಗಿಸಿ ಹೊದ್ದು ಮಲಗಿದರೆ ಮಾತ್ರ, ಮೈಯೊಳಗಿನ ಒಂದೊಂದು ಗಂಟೂ ಬಿಚ್ಚಿದ ಹಾಗೆ ನಿದ್ದೆ. ನನ್ನ ಸರದಿ ಮುಗಿದ ಮೇಲೆ ಅದೇ ಬಚ್ಚಲಲ್ಲಿ ಲೈನಿನ ಇನ್ನೊಬ್ಬ ಬಾಣಂತಿ, ಅವಳಿಗೂ ಅದೇ ಬೈಗುಳ, ಅದೇ ನೀರು. ಗೋಡೆಯ ಈಚೆ ಮಲಗಿ ನಾನು ಕೇಳಿಸಿಕೊಳ್ಳುತ್ತಿದ್ದೆ.

ಆ ನೀರು ನಿಜಕ್ಕೂ ದಂಡಕ್ಕೆ ಹೋಗುವುದಾಗಿರಲಿಲ್ಲ ಎಂದು ಇಲ್ಲಿ ಹೇಳಿಬಿಡಬೇಕು. ಹಗಲಿನ ಕರೆಂಟಿಗೆ ಯಜಮಾನರು ಬೇರೆ ಯೋಜನೆ ಹಾಕಿದ್ದರು. ಮೋಡ ಮುಚ್ಚಿದ ದಿನಗಳಲ್ಲಿ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟು ಒಣಗದೆ ವಾಸನೆ ಬರುತ್ತಿತ್ತು. ಕಾಯಿಲ್ಲಿನ ಕರೆಂಟನ್ನು ತಿರುಗಿಸಿ ಬಿಸಿಗಾಳಿಯ ಒಂದು ಪೆಟ್ಟಿಗೆ ಮಾಡಿದರೆ ನಮಗೆ ಚೆನ್ನಾಗಿ ಉಪಯೋಗವಾಗುತ್ತಿತ್ತು. ಮೆಕ್ಯಾನಿಕ್ ಸುಲಭ ಎಂದಿದ್ದ. ಅತ್ತೆ ಕೇಳಿಸಿಕೊಂಡು, “ಪಾರ್ಚ್‌ಮೆಂಟು ಬಿಸ್ಲು ಬಂದಾಗ ಒಣಗ್ತದೆ. ಅದು ದಂಡಕ್ಕೇ ಹೋಗ್ಲಿ” ಎಂದುಬಿಟ್ಟರು. ಯಜಮಾನರು ಮತ್ತೆ ಆ ಮಾತೆತ್ತಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲದಲ್ಲಿ ಸಂಶೋಧನೆಯವರು ಬಂದರು. ಒಂದು ಜೀಪು, ಉತ್ತರದ ಕಡೆಯ ಒಬ್ಬ ಹಿರಿಯರು, ಅವರ ಜೊತೆ ಕನ್ನಡದ ಒಬ್ಬ ಹುಡುಗಿ. ಏಷ್ಯಾದ ಬೆಟ್ಟದ ಸೀಮೆಗಳಲ್ಲಿ ಜನ ಸೀಮೆಎಣ್ಣೆ, ಸೌದೆ ಬಿಟ್ಟು ಯಾವ ಶಕ್ತಿಗೆ ಹೋಗುತ್ತಿದ್ದಾರೆ, ಯಾವುದಕ್ಕೆ ಸರ್ಕಾರ ಬೆಂಬಲ ಕೊಡಬೇಕು ಎಂದು ತಿಳಿಯುವುದು ಅವರ ಕೆಲಸ. ನೇಪಾಳದಲ್ಲಿ ನೋಡಿದ್ದರಂತೆ, ಶ್ರೀಲಂಕಾದ ಟೀ ತೋಟಗಳ ಕಡೆ ನೋಡಿದ್ದರಂತೆ, ಈಗ ನಮ್ಮ ಮಲೆನಾಡು. ಹಿರಿಯರು ಸಜ್ಜನರು. ಬಂದ ಕೂಡಲೇ ಮುಚ್ಚುಮರೆಯಿಲ್ಲದೆ ಹೇಳಿದರು: ಹಳ್ಳದ ಕರೆಂಟು ಜನರಿಗೆ ಚೆನ್ನಾಗಿ ಬಳಕೆಯಾಗುತ್ತಿದೆ ಎಂದು ಕಂಡುಬಂದರೆ, ಕೆಳಗಿನ ದೊಡ್ಡ ಹಳ್ಳಕ್ಕೆ ಸ್ವಲ್ಪ ದೊಡ್ಡ ಯಂತ್ರ ಹಾಕಿ ಲೈನು ಮನೆಗಳಿಗೂ ಕೊಡಬಹುದು ಎಂದು ಶಿಫಾರಸು ಮಾಡುತ್ತೇವೆ. ಇಲ್ಲವಾದರೆ ಸರ್ಕಾರದ ಕರೆಂಟು ಕಂಬದ ಲೈನೇ ಸರಿ.

ನಾನು ಇದನ್ನು ಅಜ್ಜಿಗೆ ಹೇಳಿದೆ. ಅವಳು ದೀಪದ ಮಾತೇ ಎತ್ತಲಿಲ್ಲ. “ಯಂತ್ರ ಬಂದ್ರೆ ಲೈನಿಗೂ ಒಂದು ದಂಡದ ಡ್ರಮ್ಮು ಆಗ್ತದಾ?” ಎಂದು ಕೇಳಿದಳು. ಆಗ್ತದೆ, ಆಗಲೇಬೇಕಾಗುತ್ತದೆ, ಹಳ್ಳದ ಕರೆಂಟಿನ ಗುಣವೇ ಅದು ಎಂದೆ. ಅವಳ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ಅವಳು ಏನು ಎಣಿಸಿಕೊಂಡಳೆಂದು ನನಗೆ ಕೂಡಲೇ ಗೊತ್ತಾಯಿತು. ಊರಿಗೆಲ್ಲ ನೀರು ಹಾಕಿದವಳು ತನ್ನ ಮಗಳಿಗೆ ತನ್ನದೇ ಬಚ್ಚಲಲ್ಲಿ, ಯಾರ ಅಂಗಳವನ್ನೂ ದಾಟದೆ, ಬೇಕಾದಷ್ಟು ಬಿಸಿನೀರು ಹಾಕಬೇಕು. ಅವಳ ಇಡೀ ಆಸೆ ಅಷ್ಟು.

ಮರುದಿನ ನಮ್ಮ ಜಗಲಿಯಲ್ಲಿ ಪ್ರಶ್ನೆಗಳು ಶುರುವಾದವು. ಯಜಮಾನರು ಪೇಟೆಗೆ ಹೋಗಿದ್ದರಿಂದ ಮನೆಯ ಹಿರಿಯರಾಗಿ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಹುಡುಗಿ ಮೃದುವಾಗಿ ಕೇಳುತ್ತಿದ್ದಳು, ಅತ್ತೆ ನಗುನಗುತ್ತ ಹೇಳುತ್ತಿದ್ದರು. ಎಷ್ಟು ದೀಪ, ಯಾವ ತಿಂಗಳಲ್ಲಿ ಹಳ್ಳ ಬತ್ತುತ್ತದೆ, ರಿಪೇರಿ ಯಾರು ಮಾಡುತ್ತಾರೆ. ಅಜ್ಜಿ ಮೆಟ್ಟಿಲ ಕೆಳಗೆ ಕೂತು ಬಾಣಂತಿ ಸ್ನಾನದ ಸೊಪ್ಪು ಬಿಡಿಸುತ್ತಿದ್ದಳು, ಕಿವಿ ಪೂರ್ತಿ ಮೇಲೆ. ಆಗ ಹುಡುಗಿ ಕೇಳಿದಳು, “ಮನೆಗೆ ಬಳಸಿ ಉಳಿದ ಕರೆಂಟು ಏನಾಗುತ್ತದೆ ಅಮ್ಮ?”

ಅತ್ತೆಯ ಕಣ್ಣು ಮೆಟ್ಟಿಲ ಕೆಳಗೆ ಹೋಗಿ ಬಂತು. ಅಜ್ಜಿ ಸೊಪ್ಪು ಬಿಡಿಸುವುದು ನಿಲ್ಲಿಸಿದ್ದಳು.

“ಅದಾ? ಅದು ದಂಡಕ್ಕೆ ಹೋಗ್ತದೆ” ಎಂದರು ಅತ್ತೆ.

“ಅತ್ತೆ, ಹಾಗಲ್ಲ...” ಎಂದು ನಾನು ಬಾಯಿ ಹಾಕಿದೆ. ಅವರು ನನ್ನ ಕಡೆ ತಿರುಗಿ ನೋಡಿದ ನೋಟ ಈಗಲೂ ನೆನಪಿದೆ. ಮದುವೆಯಾಗಿ ಬಂದ ಮೇಲೆ ಅವರು ಹಾಗೆ ನೋಡಿದ್ದು ಅದೊಂದೇ ಸಲ. “ಇವಳಿಗೆ ಎಂತ ಗೊತ್ತು, ಪೇಟೆಯವಳು. ದಂಡಕ್ಕೇ ಹೋಗೂದು. ಪೂರ್ತಿ ದಂಡ” ಎಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. ಮೆಟ್ಟಿಲ ಕೆಳಗೆ ಸೊಪ್ಪು ಬಿಡಿಸುವ ಸದ್ದು ಮತ್ತೆ ಶುರುವಾಯಿತು. ಹುಡುಗಿ ಬರೆದುಕೊಂಡಳು.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಜೀಪಿನ ತನಕ ಹೋಗಿ, ಅದು ಮಾತಿನ ಮರ್ಯಾದೆ, ನಿಜವಲ್ಲ, ಬಚ್ಚಲು ನೋಡಿ ಎಂದು ಹಿರಿಯರಿಗೆ ಹೇಳಿದೆ. ಅವರು ನಕ್ಕು, ಉತ್ತರ ಕೊಟ್ಟವರ ಮಾತನ್ನು ಇನ್ನೊಬ್ಬರ ಮಾತಿಗೆ ತಿದ್ದುವ ಹಾಗಿಲ್ಲ, ಹಾಗೆ ತಿದ್ದುತ್ತಾ ಹೋದರೆ ಅಧ್ಯಯನ ಎಲ್ಲಿ ಉಳಿಯುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ, ಅದೇ ನನ್ನ ಸಿಟ್ಟಿಗೆ ಕಾರಣ. ಟರ್ಬೈನ್ ಇದ್ದ ಬೇರೆ ಮನೆಗಳಲ್ಲಾದರೂ ಸರಿಯಾದ ಉತ್ತರ ಸಿಕ್ಕೀತು ಎಂದು ಸಮಾಧಾನ ಮಾಡಿಕೊಂಡೆ. ಸಿಗಲಿಲ್ಲ. ಎಲೆ ತುಂಬ ಬಡಿಸಿ “ಇವತ್ತು ಎಂತದೂ ಮಾಡ್ಲಿಲ್ಲ” ಎನ್ನುವ ಜನ ನಾವು. ಯಾವ ಮನೆಯಲ್ಲಿ ಪಕ್ಕದವರಿಗೆ ನೀರು ಕೊಡುತ್ತಿದ್ದರೋ, ಯಾವ ಮನೆಯಲ್ಲಿ ದನಗಳಿಗೆ ಹುರುಳಿ ಬೇಯಿಸುತ್ತಿದ್ದರೋ, ಎಲ್ಲರೂ ಮೆಕ್ಯಾನಿಕ್ ಕಲಿಸಿದ್ದ ಆ ಒಂದೇ ಶಬ್ದ ಹೇಳಿ ಕೈ ತೊಳೆದುಕೊಂಡಿದ್ದರು.

ಮುಂದಿನ ವರ್ಷ ಚಿಕ್ಕಮಗಳೂರಿನಲ್ಲಿ ಸಭೆ ಕರೆದು ವರದಿಯ ಸಾರ ಹೇಳಿದರು. ತವರಿಗೆ ಹೋಗುವ ನೆಪ ಮಾಡಿ ನಾನೂ ಹೋದೆ. ಪರದೆಯ ಮೇಲಿನ ಲೆಕ್ಕದ ಚಿತ್ರದಲ್ಲಿ ಬೇರೆ ಬೇರೆ ದೇಶದ ಬೆಟ್ಟಗಳಿಗೆ ಒಂದೊಂದು ಬಣ್ಣದ ಕಂಬ. ಕೆಲವು ಕಡೆ ಹಗಲಿನ ಕರೆಂಟಿನಿಂದ ಹಿಟ್ಟು ಬೀಸುತ್ತಾರೆ, ಕೆಲವು ಕಡೆ ಮರ ಕೊಯ್ಯುತ್ತಾರೆ. ನಮ್ಮ ಮಲೆನಾಡಿನ ಕಂಬದಲ್ಲಿ ಮುಕ್ಕಾಲಿಗಿಂತ ಮಿಗಿಲಾಗಿ ಬೂದು ಬಣ್ಣ. ಅದು ವ್ಯರ್ಥವಾಗುವ ಪಾಲು ಎಂದು ವಿವರಿಸಿದರು. ಅಷ್ಟು ಬೂದು ಬೇರೆ ಯಾವ ಸೀಮೆಗೂ ಇರಲಿಲ್ಲ. ಇಂಥ ಕಡೆ ಹೊಸ ಟರ್ಬೈನುಗಳಿಗೆ ನೆರವು ಕೊಡುವುದಕ್ಕಿಂತ ಕಂಬದ ಲೈನು ಎಳೆದು, ಕಮ್ಮಿ ಕರೆಂಟು ತಿನ್ನುವ ಬಲ್ಬು ಕೊಡುವುದು ಒಳ್ಳೆಯದು ಎಂದು ಮುಗಿಸಿದರು.

ನಾನು ಎದ್ದು ನಿಂತೆ. ಸೀರೆಯ ಸೆರಗು ಕುರ್ಚಿಗೆ ಸಿಕ್ಕಿಹಾಕಿಕೊಂಡಿತ್ತು, ಬಿಡಿಸಿಕೊಳ್ಳುವಷ್ಟು ತಾಳ್ಮೆಯಿರಲಿಲ್ಲ. ಆ ಬೂದು ಬಣ್ಣ ವ್ಯರ್ಥವಲ್ಲ, ಅದು ಬಾಣಂತಿಯರ ಸ್ನಾನದ ನೀರು ಎಂದೆ. ಕೆಲವರು ನಕ್ಕರು. ಹಿರಿಯರು ನಗಲಿಲ್ಲ, ನಿಜವಾಗಿಯೂ ಯೋಚಿಸಿದರು. ಆಮೇಲೆ ಕೇಳಿದರು: ಆ ನೀರು ಬೇಕೆಂದು ಯಾರಾದರೂ ಬೇಡಿಕೆ ಇಟ್ಟಿದ್ದರೇ? ಯಾರಾದರೂ ಒಂದು ಮನೆಯವರು ಅದನ್ನು ತಮ್ಮ ಅಗತ್ಯ ಎಂದು ಹೇಳಿದ್ದರೇ? ಯಾರೂ ಕೇಳಬಾರದು, ಕೇಳುವ ಪ್ರಸಂಗವೇ ಬರಬಾರದು ಎಂದೇ ಅಲ್ಲವೇ ಅತ್ತೆ ಇಷ್ಟು ವರ್ಷ ಮೆಟ್ಟಿಲ ಮೇಲೆ ನಿಂತು ಆ ಸುಳ್ಳು ಹೇಳಿದ್ದು? ಇದನ್ನು ತುಂಬಿದ ಸಭೆಯಲ್ಲಿ ಹೇಗೆ ಬಿಡಿಸಿ ಹೇಳುವುದು ಎಂದು ತಿಳಿಯಲಿಲ್ಲ. ಕೂತುಕೊಂಡೆ. ಬಸ್ಸಿನಲ್ಲಿ ಬಾಳೆಹೊನ್ನೂರಿನ ತನಕ ಕಣ್ಣೊರೆಸಿಕೊಂಡೇ ಬಂದೆ.

ಕರೆಂಟಿನ ಕಂಬ ಬಂತು. ನಮ್ಮ ಮನೆಗೆ ಬಂತು. ಲೈನು ಮನೆಗಳು ಎಸ್ಟೇಟಿನ ಆಸ್ತಿಯಾದ್ದರಿಂದ ಅವು ಆ ಯೋಜನೆಗೆ ಸೇರುವುದಿಲ್ಲವಂತೆ. ತಂತಿ ಅವುಗಳ ನೆತ್ತಿಯ ಮೇಲಿಂದ ದಾಟಿ ನಮ್ಮಲ್ಲಿಗೆ ಬಂತು. ಅದೇ ಮಳೆಗಾಲದಲ್ಲಿ ಗುಡ್ಡ ಜರಿದು ನಮ್ಮ ಟರ್ಬೈನಿನ ಪೈಪು ಒಡೆದುಹೋಯಿತು. ಯಜಮಾನರಿಗೂ ಅಷ್ಟರಲ್ಲಿ ಕಟ್ಟೆಯ ತರಗೆಲೆ ಬಳಿದೂ ಬಳಿದೂ ಸಾಕಾಗಿತ್ತು. “ಕರೆಂಟು ಬಂತಲ್ಲ, ಇನ್ನು ಅದು ಯಾಕೆ” ಎಂದರು. ನಾನೂ ಹೂಂ ಎಂದೆ. ಸ್ವಿಚ್ಚು ಒತ್ತಿದರೆ ಮಿಕ್ಸಿ ತಿರುಗುತ್ತದೆ ಎನ್ನುವ ಸುಖ ನನಗೂ ಬೇಕಿತ್ತು, ಅದನ್ನು ಮುಚ್ಚಿಡುವುದೇಕೆ.

ಅತ್ತೆ ಮಾತ್ರ ಹೊರಬಚ್ಚಲಿನ ಕಾಯಿಲ್ಲನ್ನು ಕಂಬದ ಕರೆಂಟಿಗೆ ಜೋಡಿಸಲೇಬೇಕು ಎಂದು ಹಟ ಹಿಡಿದರು. ಜೋಡಿಸಿದ್ದಾಯಿತು. ಮೀಟರನ್ನು ಜಗಲಿಯ ಗೋಡೆಗೆ ಹೊಡೆದಿದ್ದರು, ಅಂಗಳಕ್ಕೆ ಕಾಣುವ ಹಾಗೆ. ಕೊಯ್ಲು ಶುರುವಾದಾಗ ಎಂದಿನಂತೆ ಸಂಜೆ ಅಜ್ಜಿ ಬಂದಳು, ಎಂದಿನಂತೆ ಕೇಳಿದಳು, ಎಂದಿನಂತೆ ಅತ್ತೆ ಉತ್ತರ ಕೊಟ್ಟರು. ಅಜ್ಜಿ ಬಚ್ಚಲಿಗೆ ಹೋಗದೆ ಮೀಟರಿನ ಮುಂದೆ ನಿಂತಳು. ಒಳಗಿನ ಬಿಲ್ಲೆ ಗರಗರ ತಿರುಗುತ್ತಿತ್ತು, ಅದರ ಅಂಚಿನ ಕೆಂಪು ಗುರುತು ಹೋಗಿ ಬಂದು ಮಾಡುತ್ತಿತ್ತು.

“ಅಮ್ಮಾ, ಇದು ಓಡ್ತಾ ಉಂಟಲ್ಲ.”

“ಅದು ಸುಮ್ನೆ ಓಡೂದು ಮಾರಾಯ್ತಿ.”

“ಸುಮ್ನೆ ಓಡೂದಿಲ್ಲ ಅಮ್ಮಾ. ಎಸ್ಟೇಟಿನ ಲೆಕ್ಕ ಬರೆಯೂ ರೈಟರ್ ಮನೆಯಲ್ಲಿ ಉಂಟಲ್ಲ ಒಂದು, ನಂಗೆ ಗೊತ್ತುಂಟು.” ಅವಳು ನಕ್ಕಳು. ಅತ್ತೆಯೂ ನಕ್ಕರು. ಇಬ್ಬರ ನಗೆಯೂ ಸರಿಯಾಗಿರಲಿಲ್ಲ. ಅವತ್ತು ತಲೆನೋವೆಂದು ಹೇಳಿ ಅಜ್ಜಿ ಮೀಯದೆ ಹೋದಳು. ಆಮೇಲೂ ಕೆಲಸಕ್ಕೆ ಬರುತ್ತಿದ್ದಳು, ಕೆಸುವಿನ ಸೊಪ್ಪು ತಂದು ಕೊಡುತ್ತಿದ್ದಳು, ಜಗಳವಾಡುತ್ತಿದ್ದಳು. ಬಚ್ಚಲ ಕಡೆ ಮಾತ್ರ ತಿರುಗಲಿಲ್ಲ. ಅವಳು ಬರದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ನಿಂತರು.

ಈ ನಡುವೆ ಮದುವೆಯಾಗಿದ್ದ ಅವಳ ಮಗಳಿಗೆ ಹೆರಿಗೆಯಾದದ್ದು ಅದರ ಮುಂದಿನ ಆಷಾಢದಲ್ಲಿ. ಕಳಸದ ಆಸ್ಪತ್ರೆಯಿಂದ ಲೈನಿಗೆ ಕರೆತಂದರು ಎಂದು ಸುದ್ದಿ ಬಂತು. ಗಾಳಿ ಮಳೆಗೆ ತಂತಿ ಕಡಿದು ವಾರದಿಂದ ಕರೆಂಟಿರಲಿಲ್ಲ. ಮೀಟರು ಸತ್ತು ಬಿದ್ದಿತ್ತು. ಅತ್ತೆಗೆ ಅದೇ ಒಂದು ದಾರಿಯಂತೆ ಕಂಡಿರಬೇಕು. ಮಧ್ಯಾಹ್ನ ಊಟವಾದ ಕೂಡಲೇ ಹೊರಬಚ್ಚಲಿಗೆ ಹಳೆಯ ತಾಮ್ರದ ಹಂಡೆ ಇಳಿಸಿ, ಅಟ್ಟದ ಮೇಲೆ ಜೋಪಾನ ಮಾಡಿದ್ದ ಒಣಸೌದೆ ತೆಗೆಸಿ, ತಾವೇ ಒಲೆಯ ಮುಂದೆ ಕೂತು ಊದಿದರು. ನೀರು ಕುದಿಯಿತು. ಆಮೇಲೆ ನನ್ನನ್ನು ಕರೆದು, “ಕೊಡೆ ತಗೊ, ಲೈನಿಗೆ ಹೋಗಿ ಬರುವ” ಎಂದರು. ನಮ್ಮ ಮನೆಯ ಹೆಂಗಸರು ಯಾರೂ ಅಲ್ಲಿಯವರೆಗೆ ಲೈನಿನ ಒಳಗೆ ಕಾಲಿಟ್ಟಿರಲಿಲ್ಲ, ನಾನೂ ಸೇರಿ.

ಅಜ್ಜಿ ಬಾಗಿಲಲ್ಲೇ ಇದ್ದಳು. ಒಳಗೆ ಹಸಿ ಸೌದೆಯ ಹೊಗೆ, ಮೂರು ಕಲ್ಲಿನ ಮೇಲೆ ಒಂದು ಪಾತ್ರೆ, ಮೂಲೆಯಲ್ಲಿ ಮಗಳು ಮಗುವನ್ನು ಅವುಚಿಕೊಂಡು ಮಲಗಿದ್ದಳು. ಅತ್ತೆ ಸೂರಿನ ಕೆಳಗೆ ನಿಂತು, ಮೆಟ್ಟಿಲ ಮೇಲೆ ನಿಂತು ಹೇಳುವ ಅದೇ ದನಿಯಲ್ಲಿ ಹೇಳಲು ಪ್ರಯತ್ನಿಸಿದರು. “ನೀರು ಕಾದದೆ ಮಾರಾಯ್ತಿ. ಸುಮ್ನೆ ದಂಡಕ್ಕೆ ಹೋಗ್ತದೆ. ಮಗಳನ್ನ ಕರ್ಕೊಂಡು ಬಾ.”

ಅಜ್ಜಿ ಅವರ ಮುಖ ನೋಡಿದಳು. ಬೂದಿ ಮೆತ್ತಿದ ಕೈ ನೋಡಿದಳು. ಹೊಗೆಗೆ ಕೆಂಪಾಗಿದ್ದ ಕಣ್ಣು ನೋಡಿದಳು. ಅವಳಲ್ಲಿ ಬೇರೆ ದನಿಯೇ ಇರಲಿಲ್ಲ ಎಂದೆನಲ್ಲ, ಇತ್ತು. ತೀರಾ ಮೆತ್ತಗೆ ಹೇಳಿದಳು, “ನಮ್ಗೋಸ್ಕರ ಸೌದೆ ದಂಡ ಮಾಡ್ಬೇಡಿ ಅಮ್ಮಾ.”

ಹೇಳಲು ಅತ್ತೆಯ ಹತ್ತಿರ ಇದ್ದದ್ದೇ ಆ ಒಂದು ಶಬ್ದ; ಅದನ್ನೂ ಅವಳು ತೆಗೆದುಕೊಂಡಿದ್ದಳು. ನಾವು ವಾಪಸು ಬಂದೆವು. ಕೊಡೆಯ ಕೆಳಗೆ ಅವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಮಕ್ಕಳಿಗಾದರೂ ಆ ನೀರು ಹಾಕುತ್ತೇನೆ ಎಂದೆ, ಬೇಡ ಎಂದರು. ಹಂಡೆ ಹಾಗೆಯೇ ಆರಿತು. ಬೆಳಗ್ಗೆ ಯಜಮಾನರು ಅದನ್ನು ಬಗ್ಗಿಸಿ ಅಂಗಳಕ್ಕೆ ಚೆಲ್ಲಿದರು. ಮಳೆನೀರಿನ ಜೊತೆ ಅದೂ ಹರಿದು ಹೋಯಿತು. ಮುಂದಿನ ವರ್ಷ ಅಜ್ಜಿ ಮಗಳ ಜೊತೆ ಘಟ್ಟ ಇಳಿದು ಹೋದಳು. ಹೋಗುವಾಗ ಒಂದು ಸೋರೆಕಾಯಿ ಇಟ್ಟು ಹೋಗಿದ್ದಳು.

ನಮ್ಮ ಮನೆಯವರು ಧಾರಾಳಿಗಳು ಎಂದು ನಾನು ಬಹಳ ಕಾಲ ಹೆಮ್ಮೆಪಟ್ಟಿದ್ದೆ. ಧಾರಾಳ ನಮ್ಮದಾಗಿರಲಿಲ್ಲ, ಹಳ್ಳದ್ದು. ಅದು ಬೇಕೆಂದರೂ ಬೇಡವೆಂದರೂ ಕೊಡುತ್ತಿತ್ತು, ಆದ್ದರಿಂದ ನಾವೂ ಕೊಟ್ಟೆವು. ಹಳ್ಳದ ಕರೆಂಟು ನಿಂತ ಮೇಲೆ ನಮ್ಮ ಕೈಯಲ್ಲಿ ಕೊಡಲು ಏನೂ ಉಳಿಯಲಿಲ್ಲ. ಕಾಸು ಕೊಟ್ಟು ಕಾಯಿಸಿದ್ದನ್ನು ಯಾರೂ ತೆಗೆದುಕೊಳ್ಳುವ ಹಾಗಿರಲಿಲ್ಲ. ಯಾರನ್ನು ಬೈಯಬೇಕೆಂದು ಮಾತ್ರ ಇವತ್ತಿಗೂ ತಿಳಿದಿಲ್ಲ, ಬೈಯುವುದರಲ್ಲಿ ನನಗೆ ಇಷ್ಟು ಅನುಭವವಿದ್ದೂ.

ಎರಡು ಸಾವಿರದ ಆ ದಶಕ ಮುಗಿಯುತ್ತ ಬಂದಾಗ ಮತ್ತೆ ಒಂದು ಜೀಪು ಬಂತು. ಅಷ್ಟರಲ್ಲಿ ಹವಾಮಾನ ಬದಲಾವಣೆಯ ಮಾತು ಪೇಪರಿನ ತುಂಬ. ಹಳ್ಳದ ಕರೆಂಟು ಹೊಗೆಯಿಲ್ಲದ್ದು, ಅದನ್ನು ಜನ ಯಾಕೆ ಕೈಬಿಟ್ಟರು, ಮತ್ತೆ ಹಾಕಿಸಲು ಒಪ್ಪುತ್ತಾರೋ ಎಂದು ತಿಳಿಯಲು ಬಂದಿದ್ದರು. ಇಳಿದವಳು ಅದೇ ಹುಡುಗಿ. ಈಗ ಕನ್ನಡಕ ಬಂದಿತ್ತು, ತಂಡಕ್ಕೆ ಅವಳೇ ಹಿರಿಯಳು. ನಾನು ಅವಳನ್ನು ನೇರವಾಗಿ ಹೊರಬಚ್ಚಲಿಗೆ ಕರೆದುಕೊಂಡು ಹೋಗಿ, ತುಕ್ಕು ಹಿಡಿದ ಡ್ರಮ್ಮು ತೋರಿಸಿ, ಸಭೆಯಲ್ಲಿ ಹೇಳಲಾಗದ್ದನ್ನೆಲ್ಲ ಹೇಳಿದೆ. ಅವಳ ಮುಖ ಚಿಕ್ಕದಾಯಿತು. ಜಗಲಿಗೆ ಬಂದು ಅತ್ತೆಯ ಪಕ್ಕ ಕೂತಳು. ಅತ್ತೆಗೆ ಆಗ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು.

“ಅವತ್ತು ಯಾಕೆ ಹೇಳಲಿಲ್ಲ ಅಮ್ಮ? ದಂಡ ಅಂದುಬಿಟ್ಟಿರಲ್ಲ” ಎಂದಳು.

“ಅವ್ಳು ಅಲ್ಲೇ ಕೂತಿದ್ಲಲ್ಲ ಮಗಾ” ಎಂದರು ಅತ್ತೆ.

ಹುಡುಗಿ ಖಾಲಿ ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಬ್ಯಾಗಿನಿಂದ ಪೆನ್ನು ತೆಗೆದು, “ಹಾಗಾದರೆ ಈಗ ಸರಿಯಾಗಿ ಹೇಳಿ. ದಂಡಕ್ಕೆ ಹೋಗಿದ್ದು ಎಷ್ಟು?” ಎಂದು ಕೇಳಿದಳು.

ಅತ್ತೆ ಅಂಗಳದ ಕಡೆ ಮುಖ ಮಾಡಿ ಕೂತಿದ್ದರು.

“ಒಂದು ಹಂಡೆ” ಎಂದರು. “ದಂಡ ಆದದ್ದು ಒಂದೇ ಒಂದು ಹಂಡೆ. ಅದನ್ನ ಬರ್ಕೊ.”

ಅವಳು ಪೆನ್ನು ಹಿಡಿದುಕೊಂಡೇ ಕೂತಿದ್ದಳು. ಬರೆಯಲಿಲ್ಲ.